ಕಿಟಕಿಯ ಗಾಳಿ ಮತ್ತು ನೆರೆಯವನ ಹಕ್ಕು



ಧರ್ಮ ಎಂದೊಡನೆ ನಮ್ಮ ಮನಸ್ಸು ನಮಾಝ್, ಉಪವಾಸ, ಝಕಾತ್ ಮತ್ತು ಹಜ್ಜ್‌ಗಳ ಕಡೆಗೆ ಹೋಗುತ್ತದೆ. ಅದು ಸಹಜ. ಆದರೆ ಮನೆಯ ಕಿಟಕಿಯನ್ನು ತೆರೆಯುವ, ಮುಚ್ಚುವ, ಅದರಲ್ಲೊಂದು ಫ್ಯಾನ್ ಕೂರಿಸುವ ಕೆಲಸದಲ್ಲಿಯೂ ಧರ್ಮದ ಪ್ರಶ್ನೆಯೊಂದಿದೆ ಎಂದರೆ ಕೆಲವರಿಗೆ ನಗು ಬರಬಹುದು. ಕಿಟಕಿಯ ಮೂಲಕ ಬರುವ ಗಾಳಿ ಯಾರದು? ಅದನ್ನು ಬಳಸುವಾಗ ನಾವು ಯಾರಿಗೆ ಉತ್ತರ ಕೊಡಬೇಕು? ಈ ಎರಡು ಪ್ರಶ್ನೆಗಳನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಕಾರವಾರ, ಅಂಕೋಲಾಗಳ ಸೆಕೆಯನ್ನು ಅಲ್ಲಿದ್ದವರೇ ಬಲ್ಲರು. ಮಾರ್ಚ್ ತಿಂಗಳಿಂದ ಮಳೆ ಹಿಡಿಯುವವರೆಗೆ ಉಷ್ಣತಾಮಾಪಕದಲ್ಲಿ ಕಾಣುವ ಅಂಕೆ ಕಲಬುರಗಿ, ರಾಯಚೂರಿನಷ್ಟು ದೊಡ್ಡದಲ್ಲ. 33 ಅಥವಾ 34 ಡಿಗ್ರಿ ಇರಬಹುದು. ಆದರೆ ಕಡಲ ಬದಿಯ ಗಾಳಿಯಲ್ಲಿ ನೀರಿನಂಶ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ಅಂಗಿ ಮೈಗೆ ಅಂಟುತ್ತದೆ, ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ, ಮಕ್ಕಳು ನಿದ್ದೆಯಿಲ್ಲದೆ ಅಳುತ್ತವೆ. ಈಚಿನ ವರ್ಷಗಳಲ್ಲಿ ಬೇಸಿಗೆ ಇನ್ನೂ ಮುಂಚಿತವಾಗಿ ಬರುತ್ತಿದೆ. 2025ರ ಫೆಬ್ರವರಿ ಕೊನೆಯಲ್ಲಿಯೇ ಹವಾಮಾನ ಇಲಾಖೆಯು ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ನೀಡಿತ್ತು. ಹೀಗಿರುವಾಗ ಉಳ್ಳವರು ಏಸಿ ಹಾಕಿಸಿಕೊಳ್ಳುತ್ತಾರೆ. ಉಳಿದವರಿಗೆ ಗತಿ ಫ್ಯಾನ್ ಮತ್ತು ಕಿಟಕಿ.

ಈ ಫ್ಯಾನ್ ಮತ್ತು ಕಿಟಕಿಯನ್ನು ನಾವು ಬಡವನ ಪಾಡು ಎಂದು ತಿಳಿದಿದ್ದೇವೆ. ಸರಿಯಾಗಿ ಬಳಸಿದರೆ ಅದು ಬಡತನದ ಗುರುತಾಗಿ ಉಳಿಯುವುದಿಲ್ಲ. ಅಲ್ಲಾಹನು ಈ ಕರಾವಳಿಗೆ ಕೊಟ್ಟ ಒಂದು ದೊಡ್ಡ ಅನುಗ್ರಹವನ್ನು ಬಳಸಿಕೊಳ್ಳುವ ವಿವೇಕವಾಗುತ್ತದೆ.

ಗಾಳಿಯ ಬರುವು ಹೋಗುವು

ಮೊದಲು ಆ ಅನುಗ್ರಹವನ್ನು ಅರಿಯೋಣ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಮೇಲೇರಿದಾಗ ಅದರ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಆದ್ದರಿಂದ ಹಗಲು ಏರಿದ ಮೇಲೆ ಸಂಜೆಯವರೆಗೆ ಕೋಡಿಬಾಗದಲ್ಲಾಗಲಿ, ಬೇಲೇಕೇರಿಯಲ್ಲಾಗಲಿ ಪಡುವಣ ಗಾಳಿ ಬೀಸುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಕಡಲು ಬಿಸಿ ಹಿಡಿದುಕೊಂಡಿರುತ್ತದೆ. ಆಗ ಗಾಳಿ ತಿರುಗಿ ಸಹ್ಯಾದ್ರಿಯ ಗುಡ್ಡಗಳ ಕಡೆಯಿಂದ ಕಡಲಿನತ್ತ ಹೋಗುತ್ತದೆ. ರಾತ್ರಿ ಮತ್ತು ಹಗಲು ಬದಲಾಗುವುದರಲ್ಲಿ, ಗಾಳಿಗಳು ದಿಕ್ಕು ತಿರುಗುವುದರಲ್ಲಿ ಬುದ್ಧಿವಂತರಿಗೆ ನಿದರ್ಶನಗಳಿವೆ ಎಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ನೆನಪಿಸುತ್ತದೆ. ಆ ನಿದರ್ಶನ ಕಾರವಾರದವರ ಕಿಟಕಿಯಲ್ಲಿಯೇ ದಿನಕ್ಕೆರಡು ಬಾರಿ ನಡೆಯುತ್ತಿದೆ.

ಈ ಎರಡು ಗಾಳಿಗಳ ನಡುವೆ ತೆಂಗಿನ ಗರಿಯೂ ಅಲುಗದ ಒಂದು ಹೊತ್ತು ಇದೆ. ಸಂಜೆ ಕಡಲ ಗಾಳಿ ನಿಂತು ಗುಡ್ಡದ ಗಾಳಿ ಇನ್ನೂ ಹುಟ್ಟದ ಹೊತ್ತು ಅದು. ಅದೇ ವೇಳೆಗೆ ಕಾಂಕ್ರೀಟ್ ತಾರಸಿಯು ಹಗಲೆಲ್ಲ ಕುಡಿದ ಬಿಸಿಯನ್ನು ಕೋಣೆಯೊಳಗೆ ಬಿಡುತ್ತಿರುತ್ತದೆ. ಹಿಂದಿನ ಹೆಂಚಿನ ಮನೆಯಲ್ಲಿ ಬಿಸಿ ಗಾಳಿ ಹೆಂಚುಗಳ ಸಂದಿಯಿಂದ ತಾನೇ ಹೊರಟುಹೋಗುತ್ತಿತ್ತು. ತಾರಸಿ ಮನೆಯಲ್ಲಿ ಅದಕ್ಕೆ ದಾರಿಯಿಲ್ಲ. ಆ ದಾರಿಯನ್ನು ಮಾಡಿಕೊಡುವುದೇ ಕಿಟಕಿಯ ಫ್ಯಾನಿನ ಕೆಲಸ.

ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಅದನ್ನು ಸಾಗಿಸುತ್ತದೆ ಅಷ್ಟೇ. ಮುಚ್ಚಿದ ಕೋಣೆಯಲ್ಲಿ ಅದು ಬಿಸಿ ಗಾಳಿಯನ್ನೇ ತಿರುವುತ್ತದೆ. ಹೊರಗೆ ಒಳಗಿಗಿಂತ ತಂಪಾದಾಗ, ಅಂದರೆ ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ ಮೇಲೆ, ಒಂದು ಕಿಟಕಿಯಲ್ಲಿ ಫ್ಯಾನನ್ನು ಹೊರಮುಖ ಮಾಡಿ ಇಟ್ಟು ಎದುರು ಬದಿಯ ಕಿಟಕಿಯನ್ನು ತೆರೆದರೆ, ಬಿಸಿ ಗಾಳಿ ಒಂದು ಕಡೆಯಿಂದ ಹೊರಹೋಗಿ ಇನ್ನೊಂದು ಕಡೆಯಿಂದ ತಂಪು ಒಳಬರುತ್ತದೆ. ಗಾಳಿ ಯಾವ ದಿಕ್ಕಿಗೆ ಹೋಗುತ್ತಿದೆಯೋ ಆ ದಿಕ್ಕಿನ ಕಿಟಕಿಯಲ್ಲಿ ಫ್ಯಾನ್ ಇರಬೇಕು. ಹಗಲು ಕಡಲ ಗಾಳಿ ಇರುವಾಗ ಪೂರ್ವದ ಕಿಟಕಿ, ರಾತ್ರಿ ಪಶ್ಚಿಮದ ಕಿಟಕಿ. ಫ್ಯಾನಿನ ಸುತ್ತಲ ಸಂದಿಯನ್ನು ರಟ್ಟಿನಿಂದಲೋ ಹಲಗೆಯಿಂದಲೋ ಮುಚ್ಚಬೇಕು. ಇಲ್ಲದಿದ್ದರೆ ಹೊರಹಾಕಿದ ಗಾಳಿ ಅದೇ ಸಂದಿಯಿಂದ ಒಳನುಗ್ಗುತ್ತದೆ. ಬೆಳಿಗ್ಗೆ ಬಿಸಿಲು ಏರುವ ಮುನ್ನ ಪೂರ್ವದ ಕಿಟಕಿಗಳನ್ನು ಮುಚ್ಚಿ ಪರದೆ ಎಳೆದರೆ ರಾತ್ರಿಯ ತಂಪು ಕಡಲ ಗಾಳಿ ಬರುವವರೆಗಾದರೂ ಉಳಿಯುತ್ತದೆ.

ಒಂದು ಎಚ್ಚರಿಕೆ. ಗಾಳಿ ಒಳಬರಲು ದಾರಿಯಿಲ್ಲದೆ ಹೊರಹೋಗುವುದಿಲ್ಲ. ಎಲ್ಲ ಕಿಟಕಿ ಮುಚ್ಚಿ, ಒಲೆಯೋ ಗ್ಯಾಸ್ ಗೀಸರೋ ಉರಿಯುತ್ತಿರುವಾಗ ಫ್ಯಾನಿನಿಂದ ಗಾಳಿಯನ್ನು ಹೊರಗೆಳೆದರೆ ವಿಷಾನಿಲ ಮನೆಯೊಳಕ್ಕೇ ತಿರುಗಿ ಪ್ರಾಣಕ್ಕೆ ಅಪಾಯವಾಗಬಹುದು. ಮಳೆಯ ಇರಚಲು ಫ್ಯಾನಿಗೆ ಬೀಳದಂತೆ, ಮಕ್ಕಳ ಬೆರಳು ತಾಗದಂತೆ ನೋಡಿಕೊಳ್ಳುವುದೂ ಮನೆಯ ಹಿರಿಯರ ಹೊಣೆ.

ಕಿಟಕಿ ಏಕೆ ಮುಚ್ಚಿದೆ?

ಇಷ್ಟು ಸರಳವಾದ ಉಪಾಯವಿದ್ದರೂ ನಮ್ಮ ಮನೆಗಳ ಕಿಟಕಿಗಳು ರಾತ್ರಿ ಮುಚ್ಚಿಯೇ ಇರುತ್ತವೆ. ಏಕೆ? ಸೊಳ್ಳೆ ಎಂದು ಒಬ್ಬರು ಹೇಳುತ್ತಾರೆ. ಅದಕ್ಕೆ ಜಾಲರಿ ಇದೆ, ಚರಂಡಿಯಲ್ಲಿ ನೀರು ನಿಲ್ಲದಂತೆ ಕೇರಿಯವರೆಲ್ಲ ಸೇರಿ ನೋಡಿಕೊಳ್ಳಲೂಬಹುದು. ಕಳ್ಳರ ಭಯ ಎಂದು ಇನ್ನೊಬ್ಬರು ಹೇಳುತ್ತಾರೆ. ಹೆಂಗಸರು ಮಲಗುವ ಕೋಣೆ, ದಾರಿಯವರ ಕಣ್ಣು ಬೀಳುತ್ತದೆ ಎಂಬುದು ಮೂರನೆಯ ಉತ್ತರ. ಕೊನೆಯ ಎರಡು ಉತ್ತರಗಳನ್ನು ನಾವು ಗಮನವಿಟ್ಟು ನೋಡಬೇಕು. ಇಲ್ಲಿ ಸೆಕೆಗೆ ಕಾರಣ ಸೂರ್ಯನೊಬ್ಬನೇ ಅಲ್ಲ, ಮನುಷ್ಯನೂ ಹೌದು.

ಅನ್ನೂರ್ ಅಧ್ಯಾಯದಲ್ಲಿ ಅಲ್ಲಾಹನು ಸ್ತ್ರೀಯರಿಗೆ ಆದೇಶ ನೀಡುವ ಮೊದಲು ಪುರುಷರಿಗೆ ದೃಷ್ಟಿ ತಗ್ಗಿಸುವಂತೆ ಆಜ್ಞಾಪಿಸಿರುವುದನ್ನು ನಾವೆಲ್ಲ ಓದಿದ್ದೇವೆ. ಅನುಮತಿಯಿಲ್ಲದೆ ಇನ್ನೊಬ್ಬರ ಮನೆಯೊಳಗೆ ಇಣುಕುವುದನ್ನು ಪ್ರವಾದಿ ಮುಹಮ್ಮದ್(ಸ) ಎಷ್ಟು ಕಠಿಣವಾಗಿ ಖಂಡಿಸಿದ್ದಾರೆಂಬುದೂ ಗೊತ್ತು. ಆದರೆ ಈ ಆದೇಶಕ್ಕೂ ಒಂದು ಮನೆಯ ತಂಪಿಗೂ ಸಂಬಂಧವಿದೆ ಎಂದು ಎಂದಾದರೂ ಯೋಚಿಸಿದ್ದೇವೆಯೇ? ಬೀದಿಯಲ್ಲಿ ಹೋಗುವವನು ದೃಷ್ಟಿ ತಗ್ಗಿಸಿ ನಡೆದರೆ ಒಳಗಿನ ಹೆಣ್ಣುಮಗಳು ಕಿಟಕಿ ತೆರೆದಿಡಬಲ್ಲಳು. ಅವನು ದೃಷ್ಟಿ ತಗ್ಗಿಸದಿದ್ದರೆ ಅವಳು ಕಿಟಕಿ ಮುಚ್ಚಿ ಬೇಯಬೇಕು. ತಪ್ಪು ಹೊರಗಿನವನದು, ಶಿಕ್ಷೆ ಒಳಗಿನವಳಿಗೆ! ಹಿಂದಿನ ಮುಸ್ಲಿಮ್ ನಾಡುಗಳಲ್ಲಿ ಈ ಕಷ್ಟವನ್ನು ಬಲ್ಲ ಬಡಗಿಗಳು ಗಾಳಿಯನ್ನು ಬಿಟ್ಟು ನೋಟವನ್ನು ತಡೆಯುವ ಮರದ ಜಾಲಂದ್ರಗಳನ್ನು ಮಾಡಿದರು. ಈಜಿಪ್ಟಿನಲ್ಲಿಯೂ ಇರಾನಿನ ಯಝ್ದ್ ನಗರದಲ್ಲಿಯೂ ಮಾಡಿನ ಮೇಲೆ ಗಾಳಿಗೋಪುರ ಕಟ್ಟಿ ಮೇಲಿನಿಂದಲೇ ಗಾಳಿಯನ್ನು ಒಳಗಿಳಿಸಿದರು. ಪರದೆಯ ಹೆಸರಿನಲ್ಲಿ ಹೆಣ್ಣನ್ನು ಉಸಿರುಗಟ್ಟಿಸಬೇಕೆಂದು ಅವರು ತಿಳಿಯಲಿಲ್ಲ. ನಮ್ಮ ಮನೆಯ ಕಿಟಕಿಯ ಕೆಳಭಾಗಕ್ಕೆ ಒಂದು ಜಾಲರಿ ಪರದೆ, ಮೇಲಿನ ಅರ್ಧದಲ್ಲಿ ಒಂದು ಫ್ಯಾನ್ ಇದ್ದರೆ ನಮಗೂ ಸಾಕು.

ಕಳ್ಳರ ಭಯದ ಮಾತೂ ಇದೇ. ಯಾರ ಉಪದ್ರವದಿಂದ ನೆರೆಯವನು ನಿಶ್ಚಿಂತನಾಗಿಲ್ಲವೋ ಅವನ ವಿಶ್ವಾಸ ಪೂರ್ಣವಲ್ಲ ಎಂಬ ಅರ್ಥದ ಪ್ರವಾದಿ ವಚನ ಸಹೀಹ್ ಬುಖಾರಿಯಲ್ಲಿದೆ. ಒಂದು ಕೇರಿಯಲ್ಲಿ ಆ ವಚನ ಪಾಲನೆಯಾಗುತ್ತಿದೆಯೇ ಎಂದು ತಿಳಿಯಲು ರಾತ್ರಿ ಹನ್ನೊಂದಕ್ಕೆ ಅಲ್ಲಿ ಎಷ್ಟು ಕಿಟಕಿಗಳು ತೆರೆದಿವೆ ಎಂದು ಎಣಿಸಿದರೆ ಸಾಕು. ತೆರೆದ ಕಿಟಕಿ ಎಂದರೆ ನೆರೆಹೊರೆಯವರ ಮೇಲೆ ಇಟ್ಟ ನಂಬಿಕೆ. ಅದು ನಮ್ಮ ಕೈಯಲ್ಲಿರುವ ಅಮಾನತ್.

ಗಾಳಿಯಲ್ಲಿ ಪಾಲುದಾರರು

ಈಗ ಮೊದಲ ಪ್ರಶ್ನೆಗೆ ಬರೋಣ. ಗಾಳಿ ಯಾರದು? ನೀರು, ಹುಲ್ಲು ಮತ್ತು ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಅರ್ಥದ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ಈ ಸಾಲಿಗೆ ಉಪ್ಪನ್ನು ಸೇರಿಸುವ ವರದಿಗಳೂ ಇವೆ. ಅಂಕೋಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಡಲು ಕೊಡುವ ಉಪ್ಪಿಗೆ ಸರಕಾರ ಬೀಗ ಹಾಕುವಂತಿಲ್ಲವೆಂದು 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿ ಜೈಲಿಗೆ ಹೋದ ಊರು ಅದು. ಉಪ್ಪನ್ನು ತಯಾರಿಸಲು ಒಂದಿಷ್ಟಾದರೂ ದುಡಿಮೆ ಬೇಕು. ಗಾಳಿಗೆ ಅದೂ ಬೇಡ. ಹಾಗಾದರೆ ಗಾಳಿಯಲ್ಲಿ ಎಲ್ಲರ ಪಾಲು ಇನ್ನೂ ಸ್ಪಷ್ಟವಲ್ಲವೇ?

ಇಮಾಮ್ ಗಝ್ಝಾಲಿಯವರು ತಮ್ಮ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದಲ್ಲಿ ನೆರೆಯವರ ಹಕ್ಕುಗಳನ್ನು ಹೇಳುವಾಗ ಒಂದು ವರದಿಯನ್ನು ಉದ್ಧರಿಸಿದ್ದಾರೆ. ನೆರೆಯವನ ಒಪ್ಪಿಗೆಯಿಲ್ಲದೆ ಅವನ ಗಾಳಿಗೆ ತಡೆಯಾಗುವಂತೆ ಕಟ್ಟಡವನ್ನು ಎತ್ತರಿಸಬಾರದು, ಅಡಿಗೆಯ ಪರಿಮಳದಿಂದ ಅವನನ್ನು ಪೀಡಿಸಬಾರದು, ಪರಿಮಳ ಹೋಯಿತೆಂದರೆ ಅದರಿಂದ ಸ್ವಲ್ಪ ಅವನಿಗೂ ಕೊಡಬೇಕು ಎಂಬುದು ಅದರ ಸಾರ. ಹದೀಸ್ ವಿದ್ವಾಂಸರು ಇದರ ಸನದು ದುರ್ಬಲವೆಂದಿದ್ದಾರೆ. ಆದ್ದರಿಂದ ಇದನ್ನು ಕಾನೂನಿನ ಆಧಾರವಾಗಿ ನಿಮ್ಮ ಮುಂದಿಡುತ್ತಿಲ್ಲ. ಆದರೆ ನೆರೆಯವನಿಗೆ ಒಳಿತು ಮಾಡಬೇಕೆಂಬ ಅನ್ನಿಸಾ ಅಧ್ಯಾಯದ ಆಜ್ಞೆಯೂ, ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವನನ್ನು ನೆನೆಯಬೇಕೆಂದು ಸಹೀಹ್ ಮುಸ್ಲಿಮ್‌ನಲ್ಲಿರುವ ಉಪದೇಶವೂ ಬಲವಾದ ಆಧಾರಗಳೇ. ಗಾಳಿ ಮತ್ತು ಅಡಿಗೆಯ ಪರಿಮಳ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಹಿರಿಯರಿಗೆ ಮನುಷ್ಯರು ಹತ್ತಿರ ಹತ್ತಿರ ಬಾಳುವುದೆಂದರೇನು ಎಂಬುದು ಚೆನ್ನಾಗಿ ಗೊತ್ತಿತ್ತು.

ಕಿಟಕಿಯ ಫ್ಯಾನಿಗೆ ಇದನ್ನು ಅನ್ವಯಿಸಿ ನೋಡಿ. ನಮ್ಮ ಮನೆಯ ಬಿಸಿ, ಹೊಗೆ, ಮೀನು ಹುರಿದ ವಾಸನೆ ಎಲ್ಲವನ್ನೂ ಅದು ಎಲ್ಲಿಗೆ ಎಸೆಯುತ್ತದೆ? ನಾಲ್ಕು ಅಡಿ ಆಚೆ ಇನ್ನೊಬ್ಬರ ಮಲಗುವ ಕೋಣೆಯ ಕಿಟಕಿ ಇದ್ದರೆ, ನಮ್ಮ ತಂಪು ಅವರ ಸೆಕೆಯಾಗುವುದಿಲ್ಲವೇ? ಆಚೆ ಮನೆಯವರು ಮೀನನ್ನೇ ತಿನ್ನದವರಾಗಿದ್ದರೆ? ಫ್ಯಾನನ್ನು ಗೋಡೆಗೆ ಬಿಗಿಯುವ ಮೊದಲು ಒಂದು ಸಂಜೆ ಅವರ ಜಗಲಿಗೆ ಹೋಗಿ, ‘ಅಣ್ಣಾ, ನಮ್ಮ ಫ್ಯಾನಿನ ಗಾಳಿ ನಿಮ್ಮ ಕೋಣೆಗೆ ಬರುತ್ತದೆಯೇ? ತೊಂದರೆಯಾದರೆ ಹೇಳಿ, ಆಚೆ ಬದಿಗೆ ಹಾಕುತ್ತೇವೆ’ ಎಂದು ಕೇಳಲು ಎಷ್ಟು ಹೊತ್ತು ಬೇಕು? ನೆರೆಯವನು ಹಿಂದುವಾಗಿರಲಿ, ಕ್ರೈಸ್ತನಾಗಿರಲಿ, ಈ ಹಕ್ಕಿನಲ್ಲಿ ವ್ಯತ್ಯಾಸವಿಲ್ಲ. ಸಹಾಬಿಗಳಾದ ಅಬ್ದುಲ್ಲಾಹ್ ಬಿನ್ ಅಮ್ರ್(ರ) ಅವರು ಮನೆಯಲ್ಲಿ ಆಡು ಕೊಯ್ದಾಗ, ನಮ್ಮ ಯಹೂದಿ ನೆರೆಯವರಿಗೆ ಕಳುಹಿಸಿದಿರಾ ಎಂದು ಮನೆಯವರನ್ನು ಮತ್ತೆ ಮತ್ತೆ ವಿಚಾರಿಸಿದ್ದರು.

ಏಸಿಯ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಅದು ಕೋಣೆಯ ಬಿಸಿಯನ್ನು ಇಲ್ಲವಾಗಿಸುವುದಿಲ್ಲ, ಹೊರಗೆ ಹಾಕುತ್ತದೆ. ಜೊತೆಗೆ ತಾನು ಬಳಸಿದ ವಿದ್ಯುತ್ತಿನ ಬಿಸಿಯನ್ನೂ ಸೇರಿಸಿ ಹಾಕುತ್ತದೆ. ಇಕ್ಕಟ್ಟಾದ ಓಣಿಯಲ್ಲಿ ಒಂದು ಮನೆಯವರು ಏಸಿ ಹಾಕಿಕೊಂಡು ಕಿಟಕಿ ಮುಚ್ಚಿಕೊಂಡರೆ, ಅದರ ಹೊರಪೆಟ್ಟಿಗೆಯ ಬಿಸಿಯುಸಿರು ಕಿಟಕಿ ತೆರೆದಿಟ್ಟ ಬಡವನ ಕೋಣೆಗೆ ಹೋಗುತ್ತದೆ. ಆಗ ಅವನೂ ಕಿಟಕಿ ಮುಚ್ಚಬೇಕಾಗುತ್ತದೆ, ಒಳಗೆ ಏಸಿ ಇಲ್ಲದೆ!

ಫ್ಯಾನ್ ಯಾರ ಕಡೆಗೆ ತಿರುಗಿದೆ?

ನೆರೆಯವರ ಹಕ್ಕಿಗೆ ಮೊದಲು ಮನೆಯವರ ಹಕ್ಕು ಇದೆ. ಮನೆಯ ಅತ್ಯಂತ ಒಳ್ಳೆಯ ಗಾಳಿ ಯಾರಿಗೆ ಸಿಗುತ್ತಿದೆ ಎಂದು ಇಂದು ರಾತ್ರಿ ಒಮ್ಮೆ ನೋಡಿ. ಪಡಸಾಲೆಯಲ್ಲಿ, ಎರಡು ಕಿಟಕಿಗಳ ನಡುವೆ, ಫ್ಯಾನಿನ ಎದುರಿಗೆ ಮನೆಯ ಯಜಮಾನ ಮಲಗಿರುತ್ತಾನೆ. ಸಂಜೆಯಿಂದ ಒಲೆಯ ಮುಂದೆ ಬೆಂದ ಹೆಂಡತಿ ಒಳಕೋಣೆಯಲ್ಲಿ ಮಗುವಿಗೆ ಬೀಸಣಿಗೆ ಬೀಸುತ್ತಿರುತ್ತಾಳೆ. ವಯಸ್ಸಾದ ತಾಯಿಯ ಮಂಚ ಕಿಟಕಿಯೇ ಇಲ್ಲದ ಮೂಲೆಯಲ್ಲಿ ಇರುತ್ತದೆ. ‘ಅಮ್ಮನಿಗೆ ಫ್ಯಾನ್ ಆಗುವುದಿಲ್ಲ, ಮೈಕೈ ನೋವು ಬರುತ್ತದೆ’ ಎಂದು ನಾವೇ ಅವರ ಪರವಾಗಿ ಉತ್ತರ ಕೊಟ್ಟುಬಿಡುತ್ತೇವೆ. ಅವರನ್ನು ಕೇಳಿದ್ದೇವೆಯೇ?

ಇದು ಮರ್ಯಾದೆಯ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆ. ವಯಸ್ಸಾದಂತೆ ಮೈ ಬೆವರುವುದು ಕಡಿಮೆಯಾಗುತ್ತದೆ, ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದಲೇ ಸೆಕೆ ಮೊದಲು ಹಿಡಿಯುವುದು ವೃದ್ಧರನ್ನು, ಹಸುಗೂಸುಗಳನ್ನು ಮತ್ತು ಬಸುರಿಯರನ್ನು. ಫ್ಯಾನಿನ ಜೊತೆಗೆ ಅವರ ಕೈಕಾಲು, ಕುತ್ತಿಗೆಗೆ ಒದ್ದೆ ಬಟ್ಟೆ ಒರೆಸಿದರೆ ಆ ನೀರು ಬೆವರಿನ ಕೆಲಸ ಮಾಡುತ್ತದೆ. ಯಾರಾದರೂ ಸೆಕೆಯಲ್ಲಿ ತಡವರಿಸಿ ಮಾತಾಡಿದರೆ, ಮೈ ಬೆಂಕಿಯಾಗಿ ಪ್ರಜ್ಞೆ ತಪ್ಪಿದರೆ ಆಗ ಫ್ಯಾನನ್ನು ನಂಬಿ ಕೂರಬಾರದು. ಮೈಗೆ ನೀರು ಹಾಕುತ್ತಾ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತಂದೆತಾಯಿಯರ ಮುಂದೆ ಉಫ್ ಎನ್ನಲೂ ಕೂಡದೆಂದು ಕಲಿಸಿದ ಧರ್ಮ ನಮ್ಮದು. ಅವರು ಸೆಕೆಯಿಂದ ಉಫ್ ಎನ್ನುತ್ತಿರುವಾಗ ನಾವು ಗಾಳಿಯ ಮುಂದೆ ಮಲಗುವುದು ಸರಿಯೇ?

ಅನುಗ್ರಹದ ಲೆಕ್ಕ

ಇನ್ನು ವಿದ್ಯುತ್ತಿನ ಮಾತು. ಒಂದು ಟೇಬಲ್ ಫ್ಯಾನಿಗೆ ಸುಮಾರು 50 ವಾಟ್ ಸಾಕು. ರಾತ್ರಿ 8 ಗಂಟೆ ಓಡಿದರೆ ಅರ್ಧ ಯೂನಿಟ್ಟೂ ಆಗುವುದಿಲ್ಲ, ತಿಂಗಳಿಗೆ ಸುಮಾರು 12 ಯೂನಿಟ್. ಒಂದೂವರೆ ಟನ್ನಿನ ಏಸಿ ಪೂರ್ಣ ಓಡುವಾಗ ಸುಮಾರು 1500 ವಾಟ್ ಎಳೆಯುತ್ತದೆ. ಅಂದರೆ 30 ಫ್ಯಾನ್‌ಗಳ ಪಾಲು. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಬಿಲ್ಲಿಲ್ಲದೆ ಬಳಸುವ ಸೌಲಭ್ಯ ಬಂದ ಮೇಲೆ, ಬಿಲ್ಲೇ ಇಲ್ಲವಲ್ಲ ಎಂದು ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗುವುದನ್ನು ಕಾಣುತ್ತೇವೆ. ಬಿಲ್ಲು ಸೊನ್ನೆಯಾದರೆ ಲೆಕ್ಕವೂ ಸೊನ್ನೆಯೇ?

ಆ ಬೆಳಕು ಎಲ್ಲಿಂದ ಬರುತ್ತದೆಂದು ಕಾರವಾರದವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಾಳಿ ನದಿಗೆ ಸೂಪಾದಲ್ಲಿ, ಕೊಡಸಳ್ಳಿಯಲ್ಲಿ, ಕದ್ರಾದಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಹಳೆಯ ಸೂಪಾ ಊರು ಇಂದು ನೀರಿನಡಿಯಲ್ಲಿದೆ. ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಅಣುಸ್ಥಾವರಗಳಿವೆ. ನಮ್ಮ ಸ್ವಿಚ್ಚಿನ ಹಿಂದೆ ಯಾರೋ ಬಿಟ್ಟುಕೊಟ್ಟ ಗದ್ದೆ, ಮನೆ, ಕಾಡು ಇದೆ. ಹಾಗೆಂದು ಬಳಸಬಾರದೆಂದಲ್ಲ. ಬಳಸಿ, ಕೃತಜ್ಞತೆಯಿಂದ ಬಳಸಿ. ಆ ದಿನ ಅನುಗ್ರಹಗಳ ಬಗ್ಗೆ ವಿಚಾರಣೆಯಾಗುವುದೆಂದು ಅತ್ತಕಾಸುರ್ ಅಧ್ಯಾಯ ಎಚ್ಚರಿಸುತ್ತದೆ. ಬೇಸಿಗೆಯ ರಾತ್ರಿಯ ತಂಪು ಗಾಳಿ ಅನುಗ್ರಹವಲ್ಲದೆ ಇನ್ನೇನು?

ಹಾಗಾದರೆ ಏಸಿ ತಪ್ಪೇ?

ಕೆಲವರು ಕೇಳಬಹುದು: ಏಸಿ ನಿಷಿದ್ಧವೆಂದು ಹೇಳುತ್ತಿದ್ದೀರಾ? ಇಲ್ಲ. ಅಲ್ಲಾಹನು ಅನುಮತಿಸಿದ್ದನ್ನು ನಿಷಿದ್ಧಗೊಳಿಸುವ ಅಧಿಕಾರ ನಮಗಾರಿಗೂ ಇಲ್ಲ. ಫ್ಯಾನಿಗೂ ಒಂದು ಮಿತಿ ಇದೆ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿರುವವರೆಗೆ ಫ್ಯಾನ್ ಚೆನ್ನಾಗಿ ಸಹಾಯ ಮಾಡುತ್ತದೆ. ಕಾರವಾರ, ಅಂಕೋಲೆಯ ಹೆಚ್ಚಿನ ದಿನಗಳು, ರಾತ್ರಿಗಳಂತೂ ಖಂಡಿತ, ಈ ಮಿತಿಯೊಳಗೇ ಇರುತ್ತವೆ. ಗಾಳಿ 40 ಡಿಗ್ರಿ ದಾಟಿದರೆ ಫ್ಯಾನ್ ಮೈಗೆ ಬಿಸಿಯನ್ನೇ ಬೀಸುತ್ತದೆ. ಅಂಥ ದಿನಗಳಲ್ಲಿ, ಅಥವಾ ಮನೆಯಲ್ಲಿ ಹೃದಯದ ಕಾಯಿಲೆಯವರೋ ಹಾಸಿಗೆ ಹಿಡಿದವರೋ ಇದ್ದರೆ, ಏಸಿ ಹಾಕಿಸುವುದು ಅವರ ಆರೈಕೆ. ಅದನ್ನು ಆಡಂಬರವೆಂದು ಆಡಿಕೊಳ್ಳುವುದೇ ತಪ್ಪು. ಹಾಗೆಯೇ ಸರಳತೆಯ ಹೆಸರಿನಲ್ಲಿ ಜಿಪುಣತನ ಮಾಡಿ ಮನೆಯವರನ್ನು ಬೇಯಿಸುವವನೂ ಪುಣ್ಯವಂತನಲ್ಲ.

ನಾನು ಹೇಳುವುದು ಇಷ್ಟೇ. ನಮ್ಮ ಸುಖಕ್ಕೆ ಯಾರು ಬೆಲೆ ತೆರುತ್ತಿದ್ದಾರೆ ಎಂದು ಕೇಳದೆ ಅನುಭವಿಸುವ ಸುಖ ಸತ್ಯವಿಶ್ವಾಸಿಗೆ ತಕ್ಕುದಲ್ಲ. ಕಿಟಕಿ ತೆರೆದು ಸಾಗಬಹುದಾದ ರಾತ್ರಿ ತೆರೆಯೋಣ. ಏಸಿ ಬೇಕೇ ಬೇಕಾದರೆ ಹಾಕಿಸಿ, ಆದರೆ ಅದರ ಹೊರಪೆಟ್ಟಿಗೆ ನೆರೆಯವನ ಕಿಟಕಿಗೆ ಮುಖ ಮಾಡದಿರಲಿ, ಅದರ ನೀರು ಅವನ ಗೋಡೆಗೆ ಸೋರದಿರಲಿ. ಬಿಸಿಗಾಳಿಯ ದಿನ ಆ ಕೋಣೆಯ ಬಾಗಿಲು ನೆರೆಮನೆಯ ಮುದುಕಿಗೂ ತೆರೆದಿರಲಿ. ಮೇಲೊಂದು ಮಹಡಿ ಏರಿಸುವಾಗ ಹಿಂದಿನ ಮನೆಗೆ ಬರುವ ಕಡಲ ಗಾಳಿ ಏನಾಗುತ್ತದೆಂದು ಇಂಜಿನಿಯರನ್ನು ಒಂದು ಮಾತು ಕೇಳೋಣ. ಬಾಡಿಗೆಗೆ ಕೊಡುವ ಕೋಣೆಗೆ ಎದುರುಬದುರಾಗಿ ಎರಡು ಕಿಟಕಿ ಇಡೋಣ. ಅದರಲ್ಲಿ ಮಲಗುವವನೂ ಒಬ್ಬ ತಾಯಿಯ ಮಗ.

ಓದುಗರೇ, ಇಂದು ರಾತ್ರಿ ಮಲಗುವ ಮುನ್ನ ಮೂರು ಕೆಲಸ ಮಾಡಿ. ಮನೆಯ ಫ್ಯಾನ್ ಯಾರ ಕಡೆಗೆ ತಿರುಗಿದೆ ಎಂದು ನೋಡಿ. ನಿಮ್ಮ ಮನೆಯಿಂದ ಹೊರಹೋಗುವ ಗಾಳಿ ಯಾರ ಮನೆಗೆ ಹೋಗುತ್ತದೆ ಎಂದು ನೋಡಿ. ಆಮೇಲೆ ಕಿಟಕಿ ತೆರೆದು, ಗುಡ್ಡದ ಕಡೆಯಿಂದ ಬರುವ ಮೊದಲ ಗಾಳಿಗೆ ಅಲ್‌ಹಮ್ದುಲಿಲ್ಲಾಹ್ ಎನ್ನಿ. ತನ್ನ ಅನುಗ್ರಹಗಳನ್ನು ಹಂಚಿಕೊಂಡು ಉಣ್ಣುವ, ಯಾರ ಗಾಳಿಯನ್ನೂ ತಡೆಯದ ದಾಸರಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ. ಆಮೀನ್.